‘ಗೊತ್ತು’ ಎಂಬ ಮಾತು

ತಿಂಗಳ ಮೊದಲ ಭಾನುವಾರ ಉಪವಾಸ. ಎರಡು ಹೊತ್ತಿನ ಊಟ ಬಿಟ್ಟು, ಉಳಿದ ಹಣವನ್ನು ಬಡವರ ನಿಧಿಗೆ ಹಾಕಿ, ಖಾಲಿ ಹೊಟ್ಟೆಯಲ್ಲಿ ಮಾರ್ಮನ್ ಸಭೆಯ ಆರಾಧನೆಗೆ ಹೋಗುತ್ತಿದ್ದೆವು. ಅಂದು ಯಾರ ಉಪದೇಶವೂ ಇರುವುದಿಲ್ಲ. ಮನಸ್ಸಾದವರು ಒಬ್ಬೊಬ್ಬರಾಗಿ ಎದ್ದು ಮೈಕಿನ ಮುಂದೆ ನಿಂತು ಸಾಕ್ಷಿ ಹೇಳುತ್ತಾರೆ. ಬೆಂಗಳೂರಾದರೂ ಅಷ್ಟೆ, ಸಭೆಯ ಕೇಂದ್ರವಾದ ಸಾಲ್ಟ್ ಲೇಕ್ ಸಿಟಿಯಾದರೂ ಅಷ್ಟೆ, ಮಾತಿನ ಅಚ್ಚು ಒಂದೇ. ಈ ಸಭೆ ಸತ್ಯವಾದದ್ದೆಂದು ನನಗೆ ಗೊತ್ತು. ಜೋಸೆಫ್ ಸ್ಮಿತ್ ದೇವರ ಪ್ರವಾದಿಯೆಂದು ನನಗೆ ಗೊತ್ತು. ಮಾರ್ಮನ್ ಗ್ರಂಥ ಸತ್ಯವೆಂದು ನನಗೆ ಗೊತ್ತು. ಕೆಲವೊಮ್ಮೆ ನಾಲ್ಕು ವರ್ಷದ ಮಗು ಬರುತ್ತದೆ. ತಾಯಿ ಪಕ್ಕದಲ್ಲಿ ಬಗ್ಗಿ ಕಿವಿಯಲ್ಲಿ ಒಂದೊಂದೇ ಪದ ಉಸುರುತ್ತಾಳೆ, ಮಗು ಅದನ್ನು ಮೈಕಿಗೆ ಒಪ್ಪಿಸುತ್ತದೆ. ‘ಗೊತ್ತು’ ಎನ್ನುವ ಹೊತ್ತಿಗೆ ಸಭೆಯ ಮುಖವೆಲ್ಲ ಅರಳಿರುತ್ತದೆ.

ಹದಿನಾಲ್ಕು ವರ್ಷ ನಾನೂ ಹಾಗೆ ನಿಂತು ಹೇಳಿದವನು. ಈಗ ಯೋಚಿಸಿದರೆ ನನ್ನನ್ನು ಕಾಡುವುದು ಆ ಗ್ರಂಥವನ್ನು ಕೊರೆದಿತ್ತೆನ್ನುವ ಸ್ವರ್ಣಫಲಕಗಳಾಗಲಿ, ಅವನ್ನು ತೋರಿಸಿದನೆನ್ನುವ ದೇವದೂತನಾಗಲಿ ಅಲ್ಲ. ಕಾಡುವುದು ಆ ಕ್ರಿಯಾಪದ. ನಂಬುವುದು ಬೇರೆ, ಗೊತ್ತಿರುವುದು ಬೇರೆ ಎಂಬುದು ಕನ್ನಡ ಬಲ್ಲ ಯಾರಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ. ‘ಮಳೆ ಬರುತ್ತದೆ ಅಂತ ನಂಬಿದ್ದೀನಿ’ ಎನ್ನುವವನು ಮೋಡ ನೋಡಿದ್ದಾನೆ, ‘ಗೊತ್ತು’ ಎನ್ನುವವನು ನೆನೆದು ಬಂದಿದ್ದಾನೆ. ಸಾಕ್ಷಿ ಎಂಬ ಪದವೂ ಹಾಗೆಯೇ: ಕಣ್ಣಾರೆ ಕಂಡವನು ಸಾಕ್ಷಿ. ನಾವು ಯಾರೂ ಏನನ್ನೂ ಕಂಡಿರಲಿಲ್ಲ. ಕಂಡವರು ಹೇಳಿದ್ದನ್ನು ಕೇಳಿದವರೂ ಅಲ್ಲ. ನಮ್ಮೊಳಗೆ ಒಂದು ಬೆಚ್ಚನೆಯ ಭಾವ ಹುಟ್ಟಿತ್ತು, ಅದಕ್ಕೆ ‘ಗೊತ್ತು’ ಎಂಬ ಹೆಸರಿಟ್ಟಿದ್ದೆವು.

ಸೇರಿದ್ದು ಹೇಗೆ ಎಂದು ಕೇಳುವವರಿಗೆ ದೊಡ್ಡ ಕಥೆಯೇನೂ ಇಲ್ಲ. ಕಾಲೇಜಿನ ಗೆಳೆಯನ ಮನೆಯಲ್ಲಿ ಬಿಳಿ ಅಂಗಿ, ಟೈ, ಕಪ್ಪು ನಾಮಫಲಕದ ಇಬ್ಬರು ಧರ್ಮಪ್ರಚಾರಕ ಹುಡುಗರು ಸಿಕ್ಕರು. ಹತ್ತೊಂಬತ್ತು ತುಂಬಿದ ಹುಡುಗನ ಎದೆಯ ಮೇಲೆ ‘ಎಲ್ಡರ್’ ಎಂದು ಬರೆದಿತ್ತು, ಹಿರಿಯರು! ನಕ್ಕೆ. ಆದರೆ ಆ ಹುಡುಗರು ಎರಡು ವರ್ಷ ಮನೆಮಠ ಬಿಟ್ಟು, ಸ್ವಂತ ಖರ್ಚಿನಲ್ಲಿ ಬಂದವರು ಎಂದು ತಿಳಿದಾಗ ನಗು ನಿಂತಿತು. ಅವರ ಸಭೆಯಲ್ಲಿ ಎಲ್ಲರೂ ಬ್ರದರ್, ಎಲ್ಲರೂ ಸಿಸ್ಟರ್. ಯಾವ ಊರು, ಯಾವ ಜನ ಎಂದು ಯಾರೂ ಕೇಳಲಿಲ್ಲ. ನಮ್ಮ ಸಕಲೇಶಪುರದ ಕಡೆಯ ತೋಟದ ಮನೆಯಲ್ಲಿ ಅಜ್ಜಿ ಆಳುಗಳಿಗೆ ಹಿತ್ತಲಲ್ಲಿ ತೆಂಗಿನ ಚಿಪ್ಪಿಗೆ ಕಾಫಿ ಹೊಯ್ಯುತ್ತಿದ್ದುದನ್ನು ನೋಡಿ ಬೆಳೆದವನಿಗೆ ಇದು ಸಣ್ಣ ಮಾತಲ್ಲ. ದೀಕ್ಷಾಸ್ನಾನ ಪಡೆದೆ. ಕಾಫಿ ಬಿಟ್ಟೆ. “ಏನೋ ಅದು, ಕಾಫಿ ಬಿಡ್ಸೋ ದೇವ್ರು?” ಎಂದು ಅಮ್ಮ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಕಾಫಿ ಬೆಳೆದೇ ನನ್ನನ್ನು ಓದಿಸಿದವರು ಅವರು.

ಅಮ್ಮನ ಪ್ರಶ್ನೆಗೆ ಚರಿತ್ರೆಯಲ್ಲಿ ಒಂದು ಉತ್ತರವಿದೆ. ಓಹಾಯೋದ ಕರ್ಟ್‌ಲೆಂಡಿನಲ್ಲಿ 1833ರ ಫೆಬ್ರವರಿಯಲ್ಲಿ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ಬರೆಸಿದ ‘ಜ್ಞಾನದ ವಚನ’ದಲ್ಲಿ ಕಾಫಿಯ ಹೆಸರೇ ಇಲ್ಲ. ಇರುವುದು ‘ಬಿಸಿ ಪಾನೀಯ’. ಜೊತೆಗೆ, ಇದು ಆಜ್ಞೆಯಲ್ಲ, ಹಿತವಚನ ಎಂದೂ ಅಲ್ಲೇ ಬರೆದಿದೆ. 1844ರಲ್ಲಿ ಕಾರ್ತೇಜಿನ ಜೈಲಿನಲ್ಲಿ ಸಾಯುವ ದಿನ ಪ್ರವಾದಿಯೂ ಜೊತೆಗಾರರೂ ವೈನ್ ತರಿಸಿ ಕುಡಿದರು. ಮುಂದೆ 20ನೇ ಶತಮಾನದಲ್ಲಿ ಅಮೆರಿಕ ಪಾನನಿರೋಧದ ಗುಂಗಿನಲ್ಲಿದ್ದಾಗ ಸಭೆಯ ಹಿತವಚನ ಮಂದಿರ ಪ್ರವೇಶದ ಕಟ್ಟಳೆಯಾಗಿ ಗಟ್ಟಿಯಾಯಿತು. ಇಂದು ಆ ಸಭೆಯ ಸದಸ್ಯ ಲೀಟರುಗಟ್ಟಲೆ ಕೋಲಾ ಕುಡಿದು ಮಂದಿರದೊಳಗೆ ಹೋಗಬಹುದು, ಒಂದು ಲೋಟ ಫಿಲ್ಟರ್ ಕಾಫಿ ಕುಡಿದು ಹೋಗುವಂತಿಲ್ಲ. ನಿಯಮ ಸಣ್ಣದು, ನಿಜ. ಆದರೆ ದೇವವಾಣಿ ಎನ್ನುವುದು ಕಾಲ, ದೇಶ, ಗಾಳಿ ನೋಡಿಕೊಂಡು ಗಟ್ಟಿಯಾಗುತ್ತದೆ, ಸಡಿಲವಾಗುತ್ತದೆ ಎಂಬ ಅನುಮಾನ ನನಗೆ ಮೊದಲು ಬಂದದ್ದು ಇಲ್ಲಿಂದಲೇ.

ಅನುಮಾನ ಬಂದವರಿಗೆ ಸಾಮಾನ್ಯವಾಗಿ ಸಿಗುವ ಸಮಾಧಾನ ಒಂದಿದೆ: ಎಲ್ಲ ಧರ್ಮಗಳಲ್ಲೂ ಪವಾಡಗಳಿವೆ, ಎಲ್ಲವನ್ನೂ ತಕ್ಕಡಿಗೆ ಹಾಕಿದರೆ ಯಾವುದು ಉಳಿದೀತು? ಒಪ್ಪತಕ್ಕ ಮಾತು. ದೇವರು ಇದ್ದಾನೆಯೇ, ಸತ್ತ ಮೇಲೆ ಏನು ಎಂಬುದಕ್ಕೆ ತಕ್ಕಡಿಯಿಲ್ಲ. ಆದರೆ ಮಾರ್ಮನ್ ಧರ್ಮ ನಿಂತಿರುವುದು ಅಂಥ ಅಳತೆಗೆ ಸಿಗದ ಮಾತಿನ ಮೇಲಲ್ಲ. ಅದರ ಪ್ರಕಾರ, ಕ್ರಿ.ಪೂ. 600ರ ಹೊತ್ತಿಗೆ ಜೆರುಸಲೇಮಿನಿಂದ ಒಂದು ಕುಟುಂಬ ಹಡಗು ಕಟ್ಟಿಕೊಂಡು ಅಮೆರಿಕಕ್ಕೆ ಬಂತು. ಅವರ ಸಂತಾನ ಬೆಳೆದು ಊರು ಕಟ್ಟಿತು, ಉಕ್ಕಿನ ಕತ್ತಿ ಹಿಡಿಯಿತು, ಗೋಧಿ ಬೆಳೆಯಿತು, ಕುದುರೆ ಸಾಕಿತು, ಲಕ್ಷಾಂತರ ಜನ ಯುದ್ಧದಲ್ಲಿ ಸತ್ತರು. ಆ ಚರಿತ್ರೆಯನ್ನು ಚಿನ್ನದ ಫಲಕಗಳ ಮೇಲೆ ಕೊರೆದು ನ್ಯೂಯಾರ್ಕ್ ರಾಜ್ಯದ ಗುಡ್ಡವೊಂದರಲ್ಲಿ ಹೂಳಲಾಯಿತು. 1827ರಲ್ಲಿ ಅದು ಜೋಸೆಫನ ಕೈಸೇರಿತು. 1830ರಲ್ಲಿ ಪಾಲ್ಮೈರಾದ ಗ್ರಾಂಡಿನ್ ಮುದ್ರಣಾಲಯದಿಂದ 5,000 ಪ್ರತಿ ಅಚ್ಚಾಗಿ ಹೊರಬಂತು. ಇದು ವರ್ಷ, ಸ್ಥಳ, ಲೋಹ, ಪ್ರಾಣಿ, ಬೆಳೆ ಎಲ್ಲವನ್ನೂ ಹೆಸರಿಸಿ ಹೇಳಿದ ಚರಿತ್ರೆ. ಹತ್ತು ಹೆಜ್ಜೆ ಮುಂದೆ ಹೋಗಿ, ಸಭೆಯ 15ನೇ ಅಧ್ಯಕ್ಷರಾಗಿದ್ದ ಗಾರ್ಡನ್ ಹಿಂಕ್ಲಿ ಮಧ್ಯದ ದಾರಿಯೇ ಇಲ್ಲವೆಂದು ಮತ್ತೆ ಮತ್ತೆ ಹೇಳಿದರು: ಒಂದೋ ಇದೆಲ್ಲ ನಡೆದದ್ದು, ಇಲ್ಲವೋ ಇದೊಂದು ವಂಚನೆ. ಪಂದ್ಯ ಕಟ್ಟಿದವರು ನಾವಲ್ಲ. ಕಟ್ಟಿದ ಮೇಲೆ ಫಲಿತಾಂಶ ನೋಡಬೇಡಿ ಎನ್ನುವುದು ಮಾತ್ರ ಸರಿಯಲ್ಲ.

ಫಲಿತಾಂಶ ನೋಡಲು ಹೊರಟ ಒಬ್ಬರ ಕಥೆಯನ್ನು ಇಲ್ಲಿ ಹೇಳಲೇಬೇಕು. ಥಾಮಸ್ ಸ್ಟುವರ್ಟ್ ಫರ್ಗ್ಯುಸನ್ ಕ್ಯಾಲಿಫೋರ್ನಿಯಾದ ವಕೀಲ, ಅಪ್ಪಟ ಶ್ರದ್ಧಾವಂತ. ಮಾರ್ಮನ್ ಗ್ರಂಥದ ನಾಡು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದಲ್ಲಿದೆ, ಅಗೆದರೆ ಸಿಗುತ್ತದೆ ಎಂಬುದು ಅವರ ದೃಢ ನಂಬಿಕೆ. 1952ರಲ್ಲಿ ‘ನ್ಯೂ ವರ್ಲ್ಡ್ ಆರ್ಕಿಯಲಾಜಿಕಲ್ ಫೌಂಡೇಷನ್’ ಕಟ್ಟಿದರು. ಸಭೆಯೂ ಹಣ ಕೊಟ್ಟಿತು. ಚಿಯಾಪಾಸ್ ಪ್ರಾಂತ್ಯದಲ್ಲಿ ವೃತ್ತಿಪರ ಪುರಾತತ್ತ್ವಜ್ಞರು ವರ್ಷಗಟ್ಟಲೆ ಅಗೆದರು. ಅವರ ಕೆಲಸವನ್ನು ಹೊರಗಿನ ವಿದ್ವಾಂಸರೂ ಮೆಚ್ಚಿದರು, ಅದು ನಕಲಿ ಸಂಶೋಧನೆಯಾಗಿರಲಿಲ್ಲ. ಬೇಕಾದಷ್ಟು ಸಿಕ್ಕಿತು. ಮಡಕೆ, ಗೋರಿ, ಪಿರಮಿಡ್ಡು, ಜೋಳ. ಸಿಗದಿದ್ದದ್ದು ಆ ಗ್ರಂಥದ ಕುದುರೆ, ಆ ಗ್ರಂಥದ ಉಕ್ಕು, ಆ ಗ್ರಂಥದ ಗೋಧಿ, ಒಂದು ಸಾಲು ಹೀಬ್ರೂ ಬರಹ. ಅಮೆರಿಕ ಖಂಡಗಳಲ್ಲಿ ಕುದುರೆ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆಯೇ ಅಳಿದು, ಮತ್ತೆ ಕಾಲಿಟ್ಟದ್ದು ಸ್ಪೇನಿನವರ ಹಡಗುಗಳಲ್ಲಿ.

ಫರ್ಗ್ಯುಸನ್ ಅವರಿಗೆ ದೊಡ್ಡ ಪೆಟ್ಟು ಬಂದದ್ದು ಮಾತ್ರ ಮೆಕ್ಸಿಕೋದ ಮಣ್ಣಿನಿಂದಲ್ಲ, ನ್ಯೂಯಾರ್ಕಿನ ಮ್ಯೂಸಿಯಮ್ಮಿನಿಂದ. 1835ರಲ್ಲಿ ಊರೂರು ಸುತ್ತಿ ಈಜಿಪ್ಟಿನ ಮಮ್ಮಿಗಳನ್ನು ತೋರಿಸುತ್ತಿದ್ದ ಮೈಕೆಲ್ ಚಾಂಡ್ಲರ್ ಎಂಬಾತನಿಂದ ಜೋಸೆಫನ ಬಳಗ 2,400 ಡಾಲರಿಗೆ ನಾಲ್ಕು ಮಮ್ಮಿ, ಕೆಲವು ಪಪೈರಸ್ ಸುರುಳಿ ಕೊಂಡಿತು. ಸುರುಳಿಯಲ್ಲೊಂದು ಅಬ್ರಹಾಮನ ಬರಹ ಎಂದ ಜೋಸೆಫ್, ‘ಅನುವಾದ’ವನ್ನು 1842ರಲ್ಲಿ ಚಿತ್ರಗಳ ಸಮೇತ ಪ್ರಕಟಿಸಿದ. ಫ್ರಾನ್ಸಿನಲ್ಲಿ ಶಾಂಪೋಲ್ಯೋ ಈಜಿಪ್ಟಿನ ಲಿಪಿಯ ಗುಟ್ಟು ಬಿಡಿಸಿ ಆಗ ಇಪ್ಪತ್ತು ವರ್ಷಗಳಷ್ಟೇ ಆಗಿದ್ದವು. ಜೋಸೆಫನ ಸುತ್ತ ತಪ್ಪು ಹಿಡಿಯುವವರು ಯಾರೂ ಇರಲಿಲ್ಲ. ಮುಂದೆ ಆ ಪಪೈರಸ್‌ಗಳು ಶಿಕಾಗೋದ ಬೆಂಕಿಯಲ್ಲಿ ಸುಟ್ಟುಹೋದವೆಂದು ಎಲ್ಲರೂ ತಿಳಿದಿದ್ದರು. ಕೆಲವು ಸುಟ್ಟಿರಲಿಲ್ಲ. 1967ರ ನವೆಂಬರಿನಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ 11 ತುಂಡುಗಳನ್ನು ಸಭೆಗೆ ಒಪ್ಪಿಸಿತು. ಫರ್ಗ್ಯುಸನ್ ಅವುಗಳ ಛಾಯಾಚಿತ್ರ ಪಡೆದು ಬರ್ಕ್‌ಲಿಯ ಈಜಿಪ್ಟ್ ತಜ್ಞರಿಗೆ ತೋರಿಸಿದರು, ಅದು ಏನು, ಎಲ್ಲಿಯದು ಎಂದು ಮೊದಲೇ ಹೇಳದೆ. ಸತ್ತವರ ಜೊತೆ ಇಡುವ ಸಾಮಾನ್ಯ ಶ್ರಾದ್ಧಗ್ರಂಥ ಎಂಬ ಉತ್ತರ ಬಂತು. ಅಬ್ರಹಾಮನದೆಂದ ಚಿತ್ರವಿದ್ದ ತುಂಡು ಹೋರ್ ಎಂಬ ಪುರೋಹಿತನ ‘ಉಸಿರಾಟದ ಪುಸ್ತಕ’. ಅಬ್ರಹಾಮನ ಕಾಲಕ್ಕಿಂತ ಸಾವಿರ ವರ್ಷಕ್ಕೂ ಮೀರಿ ಈಚಿನದು.

1975ರ ಹೊತ್ತಿಗೆ ಫರ್ಗ್ಯುಸನ್, ಸಸ್ಯ, ಪ್ರಾಣಿ, ಲೋಹ, ಲಿಪಿ ನಾಲ್ಕೂ ಪರೀಕ್ಷೆಯಲ್ಲಿ ಗ್ರಂಥ ನಿಲ್ಲುವುದಿಲ್ಲವೆಂದು ಒಂದು ಪ್ರಬಂಧವನ್ನೇ ಬರೆದರು. ಆದರೂ ಸಭೆಯನ್ನು ಬಿಡಲಿಲ್ಲ. ಭಾನುವಾರ ಹೋಗುತ್ತಿದ್ದರು, ಗಾಯನವೃಂದದಲ್ಲಿ ಹಾಡುತ್ತಿದ್ದರು. 1983ರಲ್ಲಿ ತೀರಿಕೊಂಡರು. ಅವರನ್ನು ಹೇಡಿ ಎನ್ನುವ ಮಾಜಿ ಸದಸ್ಯರನ್ನು ಕಂಡಿದ್ದೇನೆ, ನನಗೆ ಹಾಗನಿಸುವುದಿಲ್ಲ. ಬದುಕಿನ ನೆಂಟಸ್ತಿಕೆಯೆಲ್ಲ ಒಂದೇ ಚಾವಡಿಯಲ್ಲಿ ಇರುವವನು ಎದ್ದು ಎಲ್ಲಿಗೆ ಹೋಗಬೇಕು?

ಸಭೆ ಈಗ ಇಂಥ ಸಂಗತಿಗಳನ್ನು ಮುಚ್ಚಿಡುತ್ತಿಲ್ಲ, ಆ ಮಾತನ್ನು ಹೇಳಬೇಕು. 2013ರಿಂದ 2015ರವರೆಗೆ ತನ್ನದೇ ಜಾಲತಾಣದಲ್ಲಿ ಸರಣಿ ಪ್ರಬಂಧಗಳನ್ನು ಹಾಕಿತು. ಅವು ಒಪ್ಪಿಕೊಳ್ಳುವುದು ಇಷ್ಟು: ಉಳಿದ ಪಪೈರಸ್ ತುಂಡುಗಳಲ್ಲಿ ಅಬ್ರಹಾಮನ ಹೆಸರಿಲ್ಲ. ಜೋಸೆಫನಿಗೆ 30ರಿಂದ 40 ಹೆಂಡತಿಯರಿದ್ದಿರಬಹುದು, ಕೆಲವರಿಗೆ ಗಂಡಂದಿರು ಬದುಕಿದ್ದರು, ಅತಿ ಕಿರಿಯವಳಿಗೆ ಹದಿನೈದು ತುಂಬಲು ಇನ್ನೂ ಕೆಲವು ತಿಂಗಳು ಬಾಕಿಯಿತ್ತು. ಮಾರ್ಮನ್ ಗ್ರಂಥದ ಬಹುಪಾಲನ್ನು ಅವನು ಟೋಪಿಯೊಳಗೆ ಒಂದು ಕಲ್ಲಿಟ್ಟು, ಅದರಲ್ಲಿ ಮುಖ ಹುದುಗಿಸಿ ಹೇಳಿ ಬರೆಸಿದ. ಆ ಕಲ್ಲಿನ ಬಣ್ಣದ ಚಿತ್ರವನ್ನೂ 2015ರಲ್ಲಿ ಅಚ್ಚುಹಾಕಿದರು. ನಮ್ಮ ಭಾನುವಾರದ ಪಾಠಗಳ ಚಿತ್ರಗಳಲ್ಲಿ ಮಾತ್ರ ಅವನು ಮೇಜಿನ ಮೇಲೆ ಫಲಕಗಳನ್ನು ಹರಡಿಕೊಂಡು ಬೆರಳಿಟ್ಟು ಓದುತ್ತಿದ್ದ. ಕಲ್ಲಾದರೇನು, ಫಲಕವಾದರೇನು, ಪವಾಡ ಪವಾಡವೇ ಎನ್ನಬಹುದು. ಆದರೆ 1826ರಲ್ಲಿ, ಕಲ್ಲು ನೋಡಿ ನೆಲದಡಿಯ ನಿಧಿ ತೋರಿಸುತ್ತೇನೆಂದದ್ದಕ್ಕೆ ಇದೇ ಹುಡುಗ ನ್ಯಾಯಾಧೀಶನ ಮುಂದೆ ನಿಂತಿದ್ದ. ನಿಧಿ ಶೋಧದ ಉಪಕರಣವೇ ಧರ್ಮಗ್ರಂಥದ ಉಪಕರಣವಾಯಿತು ಎಂಬುದನ್ನು ಪಾಠದ ಚಿತ್ರಕಾರ ಏಕೆ ಬಿಟ್ಟನೆಂದು ಊಹಿಸುವುದು ಕಷ್ಟವಲ್ಲ. ನಿಜವಾದದ್ದೆಲ್ಲ ಉಪಯುಕ್ತವಲ್ಲ ಎಂದು ಅಪೊಸ್ತಲ ಬಾಯ್ಡ್ ಪ್ಯಾಕರ್ 1981ರಲ್ಲಿಯೇ ಧರ್ಮಶಿಕ್ಷಕರಿಗೆ ಬುದ್ಧಿ ಹೇಳಿದ್ದರು.

ಇಷ್ಟೆಲ್ಲ ಗೊತ್ತಾದ ಮೇಲೂ ಒಳಗಿರುವ ಸ್ನೇಹಿತರು ಕೊಡುವ ಉತ್ತರ ಒಂದೇ: ಪ್ರಾರ್ಥನೆ ಮಾಡಿ ಕೇಳು. ಮಾರ್ಮನ್ ಗ್ರಂಥದ ಕೊನೆಯಲ್ಲಿ ಅಂಥದೊಂದು ವಾಗ್ದಾನವಿದೆ: ಪ್ರಾಮಾಣಿಕ ಹೃದಯದಿಂದ ದೇವರನ್ನು ಕೇಳಿದರೆ ಪವಿತ್ರಾತ್ಮನೇ ಸತ್ಯವನ್ನು ತಿಳಿಸುತ್ತಾನೆ. ಕೇಳಲು ಎಷ್ಟು ನ್ಯಾಯವಾಗಿದೆ! ಆದರೆ ಈ ಪರೀಕ್ಷೆಯಲ್ಲಿ ಅನುತ್ತೀರ್ಣವಾಗಲು ಗ್ರಂಥಕ್ಕೆ ದಾರಿಯೇ ಇಲ್ಲ. ಎದೆ ಬೆಚ್ಚಗಾದರೆ ಗ್ರಂಥ ಸತ್ಯ. ಆಗದಿದ್ದರೆ ನಿನ್ನ ಹೃದಯ ಪ್ರಾಮಾಣಿಕವಲ್ಲ, ಇನ್ನೊಮ್ಮೆ ಕೇಳು. ಸಾಕ್ಷಿ ಇಲ್ಲದವನು ಸಾಕ್ಷಿ ಹೇಳುತ್ತ ಹೋದರೆ ಅದು ಹೇಳುವುದರಲ್ಲೇ ಸಿಗುತ್ತದೆ ಎಂಬ ಬೋಧನೆಯೂ ಪ್ಯಾಕರ್ ಅವರದೇ. ಮೈಕಿನ ಮುಂದಿನ ಮಗುವಿನ ವಿಷಯಕ್ಕೆ ಬಂದರೆ ಅದು ಅಕ್ಷರಶಃ ನಿಜ. ನನ್ನ ಎದೆಯೂ ಬೆಚ್ಚಗಾಗಿತ್ತು, ಸುಳ್ಳು ಹೇಳಲಾರೆ. ಆದರೆ ಅದೇ ಬಿಸಿ ಧರ್ಮಸ್ಥಳದ ದೀಪೋತ್ಸವದಲ್ಲೂ, ಮಲ್ಲಿಕಾರ್ಜುನ ಮನ್ಸೂರರ ಹಾಡು ಕೇಳುವಾಗಲೂ ಆಗಿದೆ. ಎದೆಯ ಬಿಸಿಯನ್ನು ನಾನು ಕೀಳೆನ್ನುವುದಿಲ್ಲ. ಮೆಕ್ಸಿಕೋದಲ್ಲಿ ಕುದುರೆ ಇತ್ತೇ ಎಂಬ ಪ್ರಶ್ನೆಯನ್ನು ಅದರ ಮುಂದಿಡುವುದು ತಪ್ಪು ಎನ್ನುತ್ತೇನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ನಾಡಿನವರು ನಾವು.

ಇಷ್ಟಾದರೂ ಕುದುರೆಯ ಪ್ರಶ್ನೆಗಾಗಿ ನಾನು ಸಭೆ ಬಿಟ್ಟೆನೋ ಎಂದರೆ, ಇಲ್ಲ. ಬಿಡಿಸಿದ್ದು ಬೇರೆಯೇ ಒಂದು ಪ್ರಬಂಧ, 2013ರ ಕೊನೆಯಲ್ಲಿ ಬಂದದ್ದು, ಜನಾಂಗ ಮತ್ತು ಯಾಜಕತ್ವದ ಕುರಿತಾದದ್ದು.

1836ರಲ್ಲಿ ಎಲೈಜಾ ಏಬಲ್ ಎಂಬ ಕರಿಯ ಸದಸ್ಯನಿಗೆ ಯಾಜಕತ್ವ ಸಿಕ್ಕಿತ್ತು. 1852ರಲ್ಲಿ, ಜೋಸೆಫನ ನಂತರ ಸಭೆಯ ಅಧ್ಯಕ್ಷನಾದ ಬ್ರಿಗಮ್ ಯಂಗ್, ಆಫ್ರಿಕಾ ಮೂಲದವರಿಗೆ ಅದು ಸಲ್ಲದು ಎಂದು ಘೋಷಿಸಿದ. ಆ ತಡೆ ತೆರವಾದದ್ದು 1978ರ ಜೂನಿನಲ್ಲಿ, ಅಂದರೆ ಅಮೆರಿಕದ ನಾಗರಿಕ ಹಕ್ಕುಗಳ ಕಾಯ್ದೆ ಬಂದು ಹದಿನಾಲ್ಕು ವರ್ಷಗಳಾದ ಮೇಲೆ. ನಡುವಿನ ನೂರಾ ಇಪ್ಪತ್ತಾರು ವರ್ಷ ಕರಿಯ ಗಂಡಸಿಗೆ ಯಾಜಕತ್ವವಿಲ್ಲ, ಕರಿಯ ದಂಪತಿಗೆ ಮಂದಿರದಲ್ಲಿ ಮದುವೆಯಿಲ್ಲ. ಕಾರಣವೇನು? 1949ರಲ್ಲಿ ಸಭೆಯ ಪ್ರಧಾನ ಅಧ್ಯಕ್ಷ ಮಂಡಳಿ ಅಧಿಕೃತವಾಗಿ ಹೇಳಿಕೆ ಹೊರಡಿಸಿತು: ಇದು ದೇವರ ನೇರ ಆಜ್ಞೆ, ಹುಟ್ಟುವ ಮೊದಲಿನ ಆತ್ಮಲೋಕದಲ್ಲಿ ಅವರವರು ನಡೆದುಕೊಂಡ ರೀತಿಗೂ ಈ ಲೋಕದ ಸ್ಥಿತಿಗೂ ಸಂಬಂಧವಿದೆ. 2013ರ ಪ್ರಬಂಧ ಈ ವಿವರಣೆಗಳನ್ನೆಲ್ಲ ಕೈಬಿಟ್ಟಿತು. ತಡೆಯೇ ತಪ್ಪಾಗಿತ್ತೆಂದು ಮಾತ್ರ ಹೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿತ್ತಲಲ್ಲಿ ಚಿಪ್ಪಿಗೆ ಕಾಫಿ ಹೊಯ್ಯುವಾಗ, ಯಾಕೆ ಹೀಗೆ ಎಂದು ಕೇಳಿದ ಹುಡುಗನಿಗೆ ಅಜ್ಜಿ ಕೊಟ್ಟಿದ್ದ ಉತ್ತರ ಇದೇ: “ಹಿಂದಿನ ಜನ್ಮದಲ್ಲಿ ಪಡ್ಕೊಂಡು ಬಂದದ್ದು, ಮಗ.” ಅಟ್ಲಾಂಟಿಕ್ ಆಚೆಯ ಒಂದು ಹೊಸ ಧರ್ಮದ, ನಮ್ಮ ಅಜ್ಜಿಯನ್ನು ಎಂದೂ ಕಾಣದ ಗಂಡಸರು, ಸೂಟು ತೊಟ್ಟು ಮೇಜಿನ ಸುತ್ತ ಕೂತು ಅದೇ ಉತ್ತರಕ್ಕೆ ಬಂದಿದ್ದರು. ಹುಟ್ಟಿಗಿಂತ ಮೊದಲೇ ಮಾಡಿದ ತಪ್ಪಿಗೆ ಈಗ ಹೊರಗೆ ನಿಲ್ಲು. ತಪ್ಪು ಯಾವುದೆಂದು ಯಾರಿಗೂ ನೆನಪಿಲ್ಲ, ಶಿಕ್ಷೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಯಾವುದನ್ನು ಬಿಟ್ಟು ಓಡಿಬಂದೆನೋ ಅದೇ ಇಲ್ಲಿಯೂ ನನಗಿಂತ ಮೊದಲೇ ಬಂದು ಕೂತಿತ್ತು. ಮಾರ್ಮನ್ ಗ್ರಂಥದಲ್ಲೂ ದೇವರ ಶಾಪದ ಗುರುತಾಗಿ ಕಪ್ಪು ಚರ್ಮ ಬರುತ್ತದೆ. ಪಶ್ಚಾತ್ತಾಪ ಪಟ್ಟವರು ‘ಬಿಳಿ’ಯಾಗುತ್ತಾರೆ ಎಂದಿದ್ದ ಒಂದು ಕಡೆ 1981ರ ಮುದ್ರಣದಲ್ಲಿ ‘ಶುದ್ಧ’ ಎಂದು ತಿದ್ದಿದರು. ಉಳಿದ ಕಡೆ ಹಾಗೆಯೇ ಇದೆ. ಅಮ್ಮನ ಬಣ್ಣದ ನಾನು ಎಷ್ಟು ಸಲ ಅದನ್ನು ಓದಿದೆ, ಎಷ್ಟು ಸಲ ಹಾರಿಸಿ ಓದಿದೆ!

ಪ್ರವಾದಿಗಳೂ ಮನುಷ್ಯರೇ, ಅವರ ಕಾಲದ ಮಿತಿ ಅವರಿಗಿರುತ್ತದೆ ಎನ್ನುತ್ತಾರೆ. ಒಪ್ಪೋಣ. ಹಾಗಿದ್ದರೆ ಈ ಕಾಲದ ಪ್ರವಾದಿಯೆನಿಸಿದ ಸಭೆಯ ಅಧ್ಯಕ್ಷರ ಮಾತಿಗೂ ಅದೇ ಮಿತಿಯನ್ನು ಇಂದೇ ಅನ್ವಯಿಸುವ ಹಕ್ಕು ಸದಸ್ಯನಿಗೆ ಇರಬೇಕಲ್ಲ? ಇಲ್ಲ. ಸಲಿಂಗ ದಂಪತಿಗಳನ್ನು ಧರ್ಮಭ್ರಷ್ಟರೆಂದು ಕರೆದು, ಅವರ ಮಕ್ಕಳಿಗೆ ದೀಕ್ಷಾಸ್ನಾನ ತಡೆದ ನಿಯಮ 2015ರ ನವೆಂಬರಿನಲ್ಲಿ ಬಂತು. ಎರಡೇ ತಿಂಗಳಲ್ಲಿ ಹಿರಿಯ ಅಪೊಸ್ತಲ ರಸಲ್ ನೆಲ್ಸನ್ ಅದನ್ನು ದೇವರ ಪ್ರಕಟನೆ ಎಂದರು. 2019ರ ಏಪ್ರಿಲಿನಲ್ಲಿ, ಅವರೇ ಅಧ್ಯಕ್ಷರಾಗಿದ್ದಾಗ, ನಿಯಮ ರದ್ದಾಯಿತು. ಮೂರೂವರೆ ವರ್ಷ ಅದನ್ನು ದೇವರ ಮಾತೆಂದು ಹೊತ್ತ ಕುಟುಂಬಗಳಿಗೆ ಏನು ಹೇಳುವುದು? ಪ್ರವಾದಿಯ ತಪ್ಪು ಪ್ರವಾದಿ ಸತ್ತ ಮೇಲೆ ತಪ್ಪಾಗುತ್ತದೆ, ಬದುಕಿರುವಾಗ ಅದು ವಿಧೇಯತೆಯ ಪರೀಕ್ಷೆ.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ವರಮಾನದ ಹತ್ತರಲ್ಲೊಂದು ಪಾಲು ದಶಾಂಶ. ಅದನ್ನು ಪೂರ್ತಿ ಕೊಡದವನಿಗೆ ಮಂದಿರದ ಪ್ರವೇಶಪತ್ರ ಇಲ್ಲ. ಬಾಡಿಗೆ ಕಟ್ಟಲು ತಿಣುಕುವವರೂ ಕೊಡುತ್ತಿದ್ದರು, ನಾನೂ ಕೊಟ್ಟೆ. 2019ರಲ್ಲಿ ಒಳಗಿನ ಉದ್ಯೋಗಿಯೊಬ್ಬರ ದೂರಿನಿಂದ ಬಯಲಾಯಿತು, ಸಭೆಯ ಹೂಡಿಕೆ ಸಂಸ್ಥೆಯಲ್ಲಿ ಸುಮಾರು 10,000 ಕೋಟಿ ಡಾಲರ್ ಕೂತಿದೆ ಎಂದು. ಅದರ ಗಾತ್ರ ಹೊರಗೆ ಕಾಣದಂತೆ 13 ಹೆಸರಿಗಷ್ಟೇ ಇದ್ದ ಕಂಪನಿಗಳ ಹೆಸರಿನಲ್ಲಿ ಲೆಕ್ಕ ಸಲ್ಲಿಸಿದ್ದಕ್ಕಾಗಿ ಅಮೆರಿಕದ ಷೇರು ನಿಯಂತ್ರಣ ಆಯೋಗ 2023ರ ಫೆಬ್ರವರಿಯಲ್ಲಿ ಹೂಡಿಕೆ ಸಂಸ್ಥೆಗೆ 40 ಲಕ್ಷ, ಸಭೆಗೆ 10 ಲಕ್ಷ ಡಾಲರ್ ದಂಡ ಹಾಕಿತು. ದೇವರಿಗೆ ಲೆಕ್ಕ ಒಪ್ಪಿಸಲು ಪ್ರತಿ ವರ್ಷಾಂತ್ಯ ನಮ್ಮನ್ನು ಕರೆಯುತ್ತಿದ್ದವರು ತಮ್ಮ ಲೆಕ್ಕವನ್ನು ಸದಸ್ಯರಿಗೆ ತೋರಿಸಲಿಲ್ಲ.

ಇನ್ನೊಂದು ಮಾತು ಹೇಳದೆ ಹೋದರೆ ನಾನು ಕೃತಘ್ನನಾಗುತ್ತೇನೆ. ಅಮ್ಮ ಆಸ್ಪತ್ರೆಯಲ್ಲಿದ್ದ ಇಪ್ಪತ್ತು ದಿನ ಸಭೆಯ ಹೆಂಗಸರು ಸರದಿ ಹಾಕಿಕೊಂಡು ಊಟ ತಂದರು, ಅವರಲ್ಲಿ ಇಬ್ಬರು ಅಮ್ಮನಿಗೆ ಫ್ಲಾಸ್ಕಿನಲ್ಲಿ ಕಾಫಿಯನ್ನೂ ತಂದರು. ಕಾಫಿ ತಾವು ಮುಟ್ಟುವವರಲ್ಲ, ಮಾಡಲು ಯಾರಲ್ಲೋ ಕೇಳಿ ಕಲಿತಿದ್ದರು. ಇಂಥ ಜನರನ್ನು ಕಟ್ಟಿದ ಧರ್ಮ ಸುಳ್ಳಾಗಲು ಸಾಧ್ಯವೇ ಎಂದು ಕೇಳುವವರಿಗೆ ನನ್ನ ಉತ್ತರ: ಅವರು ಒಳ್ಳೆಯವರು, ಕುದುರೆ ಇರಲಿಲ್ಲ. ಎರಡೂ ಒಟ್ಟಿಗೆ ನಿಜವಾಗಿರಲು ಏನು ತೊಂದರೆ? ಜೋಸೆಫ್ ಬರಿಯ ಮೋಸಗಾರ ಎಂಬ ಮಾತೂ ನನಗೆ ಒಪ್ಪಿಗೆಯಿಲ್ಲ. ಹೆಚ್ಚು ಶಾಲೆ ಕಾಣದ ಒಬ್ಬ ರೈತನ ಮಗ, ಕೆಲವೇ ತಿಂಗಳಲ್ಲಿ ಐನೂರಕ್ಕೂ ಮಿಕ್ಕಿದ ಪುಟ ಹೇಳಿ ಬರೆಸಿದ. ಬಾಯಲ್ಲಿ ಕಥೆ ಕಟ್ಟುವ ಅಂಥ ಪ್ರತಿಭೆ ಅಪರೂಪದ್ದು. ತಾನು ಕಟ್ಟಿದ್ದನ್ನು ತಾನೇ ನಂಬಿದ್ದರೂ ಆಶ್ಚರ್ಯವಿಲ್ಲ.

ಬಿಟ್ಟ ಮೇಲಿನ ಎರಡು ವರ್ಷ ನಾನು ಸಹಿಸಲಾಗದ ಮನುಷ್ಯನಾಗಿದ್ದೆ ಎಂದು ಹೆಂಡತಿ ಹೇಳುತ್ತಾಳೆ. ಸಿಕ್ಕವರಿಗೆಲ್ಲ ಪಪೈರಸ್, ಕಲ್ಲು, ಟೋಪಿ. ದೇವರಿಲ್ಲವೆಂದು ನನಗೆ ‘ಗೊತ್ತು’ ಎಂದು ಒಂದು ದಿನ ಊಟದ ಮೇಜಿನಲ್ಲಿ ಹೇಳಿದೆ. ದನಿ ಥೇಟ್ ಮೈಕಿನ ಮುಂದಿನ ದನಿ. ಅವಳು ನಕ್ಕಳು. ಸಭೆ ಬಿಟ್ಟರೂ ಕ್ರಿಯಾಪದ ಬಿಟ್ಟಿರಲಿಲ್ಲ.

ಒಳಗೆ ಉಳಿದಿರುವ ಗೆಳೆಯರಿಗೆ, ಸಭೆ ಬಿಡಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಸಭೆಯೇ ಬರೆದ ಆ ಪ್ರಬಂಧಗಳನ್ನು ಒಂದು ಸಲ ಪೂರ್ತಿಯಾಗಿ ಓದಿ. ಆಮೇಲೂ ಮುಂದಿನ ತಿಂಗಳ ಮೊದಲ ಭಾನುವಾರ ಎದ್ದು ನಿಲ್ಲಬೇಕೆನಿಸಿದರೆ ನಿಲ್ಲಿ, ‘ನಂಬಿದ್ದೇನೆ’ ಎನ್ನಿ. ಮಗುವಿನ ಕಿವಿಯಲ್ಲೂ ಅದನ್ನೇ ಉಸುರಿ.